ನೂರು ಮನೆಯ ಮಣೆಯ ಮೇಲಿನ ಆನೆಗುದುರೆಯವರಿಗೆ

ಇಂದ: ಕುಮಾರಿ ಜಿ. ಭಾನುಮತಿ, ಬೆರಳಚ್ಚುಗಾರ್ತಿ, ಟೈಮ್ ಆಫೀಸು, ಪೀಣ್ಯ.

ಇವರಿಗೆ: ಶ್ರೀಮಾನ್ ಕಪ್ಪು ಆನೆಗುದುರೆಯವರು, ಗಾಜಿನ ಪೆಟ್ಟಿಗೆ, ಮನರಂಜನಾ ಕ್ಲಬ್ಬು, ಕ್ಯಾಂಟೀನಿನ ಹಿಂಭಾಗ.

೭ ಡಿಸೆಂಬರ್ ೧೯೮೨

ಮಾನ್ಯರೇ,

ಪತ್ರದ ಮೊದಲಿಗೆ ಕ್ಷೇಮ ಸಮಾಚಾರ ಕೇಳುವುದು ನಮ್ಮ ಮನೆಯ ಪದ್ಧತಿ. ಗಾಜಿನ ಮುಚ್ಚಳದ ಕೆಳಗೆ, ಹಿತ್ತಾಳೆ ಬೀಗದ ಕಾವಲಿನಲ್ಲಿ, ಮೈಗೆ ಧೂಳು ಸೋಕದಂತೆ ಬೇಸಿಗೆ, ಮಳೆ, ಚಳಿ ಮೂರನ್ನೂ ಕಳೆದಿರುವ ತಾವು ಕ್ಷೇಮವಾಗಿಯೇ ಇರುತ್ತೀರೆಂದು ನಂಬಿದ್ದೇನೆ. ನಮ್ಮ ಕ್ಷೇಮವನ್ನು ತಾವಾಗಿ ವಿಚಾರಿಸುವಷ್ಟು ಬಿಡುವು ತಮಗಿಲ್ಲವೆಂದು ಬಲ್ಲೆನಾದ್ದರಿಂದ ನಾನೇ ಹೇಳಿಬಿಡುತ್ತೇನೆ. ನಾವು ಕ್ಷೇಮವಾಗಿಲ್ಲ, ಮತ್ತು ಅದಕ್ಕೆ ಕಾರಣ ತಾವು. ಇಷ್ಟು ದೊಡ್ಡವರ ಮೇಲೆ ಇಷ್ಟು ಸಣ್ಣವಳು ದೂರು ಬರೆಯುವುದು ಅಧಿಕಪ್ರಸಂಗವೆಂದು ಗೊತ್ತಿದ್ದರೂ, ಎರಡು ವಿಭಾಗಗಳ ಅಧಿಕಾರ ಹೊತ್ತಿರುವವರಿಗೆ ಎರಡು ಪಟ್ಟು ತಾಳ್ಮೆಯೂ ಇರಬೇಕೆಂಬ ಭರವಸೆಯಿಂದ ಮುಂದುವರಿಯುತ್ತೇನೆ.

ಈ ಪತ್ರ ನೋಟೀಸು ಬೋರ್ಡಿನಲ್ಲಿ ಹತ್ತಾರು ಜನ ನಿಂತು ಓದುವಂಥದ್ದು. ಆದ್ದರಿಂದ ಯಾರು ಯಾರೆಂಬುದನ್ನು ಮೊದಲೇ ಹೇಳುವುದು ಒಳ್ಳೆಯದು. ನಾನು ಈ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಟೈಪು ಮಾಡುವವಳು. ಅದೇ ಆಫೀಸಿನ ಹೆಡ್ ಕ್ಲರ್ಕು ಗೋಪಾಲಕೃಷ್ಣ ಎಂಬುವವರು ನನ್ನ ತಂದೆ. ಚೆಸ್ ಫೈನಲ್ಲಿನಲ್ಲಿ ಬಿಳಿ ಕಾಯಿಗಳು ಅವರವು. ತಮ್ಮನ್ನೂ ತಮ್ಮ ಕಪ್ಪು ಪರಿವಾರವನ್ನೂ ನಡೆಸುತ್ತಿರುವವರು ಟೂಲ್ ರೂಮಿನ ಫೋರ್‌ಮನ್ ವೆಂಕಟಸುಬ್ಬಯ್ಯನವರು. ಅವರ ಮಗ ಉಪೇಂದ್ರ ವೈಟ್‌ಫೀಲ್ಡ್ ಕಡೆಯ ಒಂದು ಖಾಸಗಿ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ನಾನು ಮದುವೆಯಾಗಬೇಕೆಂದಿರುವುದು ಈ ಉಪೇಂದ್ರನನ್ನು. ಆಗಲಾಗದೆ ಕೂತಿರುವುದು ತಮ್ಮ ದೆಸೆಯಿಂದ.

ಇನ್ನು ತಾವು ಯಾರೆಂಬುದು. ಲೋಕದ ಮಿಕ್ಕ ಜನರೆಲ್ಲ ಆಡುವ ಚೆಸ್ಸಿನಲ್ಲಿ ಉದ್ದಕ್ಕೆ ಎಂಟು, ಅಡ್ಡಕ್ಕೆ ಎಂಟು ಮನೆಗಳಿರುತ್ತವೆ. ಆನೆ ನೇರ ಹೋಗುತ್ತದೆ, ಒಂಟೆ ಓರೆ ಹೋಗುತ್ತದೆ, ಕುದುರೆ ಎರಡೂವರೆ ಮನೆ ಹಾರುತ್ತದೆ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಹಾಕದೆ ಅವರವರ ಪಾಡಿಗೆ ಅವರವರು ಬದುಕುವ ಮರ್ಯಾದಸ್ಥ ಸಂಸಾರ ಅದು. ನಮ್ಮ ಕ್ಲಬ್ಬಿನ ಮಣೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಹತ್ತು ಹತ್ತು ಮನೆ, ಒಟ್ಟು ನೂರು. ಆ ಹೆಚ್ಚುವರಿ ಜಾಗಕ್ಕೆ ಬಂದವರು ತಾವು, ಆನೆಯಂತೆ ನೇರವಾಗಿಯೂ ಹೋಗಬಲ್ಲ, ಬೇಕಾದರೆ ಕುದುರೆಯಂತೆ ಹಾರಲೂ ಬಲ್ಲ ಮಹನೀಯರು. ತಮ್ಮ ಪಕ್ಕದಲ್ಲಿ ಒಂಟೆಯ ಕೆಲಸವನ್ನೂ ಕುದುರೆಯ ಕೆಲಸವನ್ನೂ ಒಟ್ಟಿಗೆ ಮಾಡುವ ಒಂಟೆಗುದುರೆ ಎಂಬ ಸಹೋದ್ಯೋಗಿಯೊಬ್ಬರು ಇದ್ದರು. ಪಾಪ, ಅವರನ್ನು ಜೂನಿನಲ್ಲೇ ಯಾರೋ ಹೊಡೆದುಹಾಕಿ ಪುಣ್ಯ ಕಟ್ಟಿಕೊಂಡರು.

ತಮ್ಮನ್ನು ಈ ಕಾರ್ಖಾನೆಗೆ ತಂದವರು ನಮ್ಮ ಕಲ್ಯಾಣಾಧಿಕಾರಿಗಳು. ತರಬೇತಿಗೆಂದು ದಿಲ್ಲಿಗೆ ಹೋದವರಿಗೆ ಬರುವಾಗ ರೈಲಿನಲ್ಲಿ ಯಾರೋ ಬಿಟ್ಟುಹೋದ ಪರದೇಶದ ಪತ್ರಿಕೆಯೊಂದು ಸಿಕ್ಕಿತಂತೆ. ಮಣೆಯನ್ನು ದೊಡ್ಡದು ಮಾಡಿ ಎರಡೆರಡು ಕಾಯಿಗಳನ್ನು ಒಂದರಲ್ಲಿ ಕೂಡಿಸುವ ಆಟವನ್ನು ಮುನ್ನೂರು ವರ್ಷಗಳ ಹಿಂದೆಯೇ ಯಾರೋ ಪುಣ್ಯಾತ್ಮರು ಯೋಚಿಸಿದ್ದರೆಂದು ಅದರಲ್ಲಿತ್ತು. ಮುನ್ನೂರು ವರ್ಷ ಆ ಆಟ ಯಾಕೆ ಮನೆಮನೆಗೆ ಬರಲಿಲ್ಲವೆಂದು ಕೇಳುವ ಪ್ರವೃತ್ತಿ ನಮ್ಮ ಸಾಹೇಬರಿಗಿಲ್ಲ. ಮರದ ಅಚ್ಚು ಕೆತ್ತುವ ಪ್ಯಾಟರ್ನ್ ಶಾಪಿನ ನರಸಪ್ಪನವರನ್ನು ಕರೆಸಿ, ಒಂದು ಚೀಟಿಯ ಮೇಲೆ ಆನೆ ಅಧಿಕ ಕುದುರೆ ಎಂದು ಬರೆದು ಕೊಟ್ಟರು. ನರಸಪ್ಪನವರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಸಾರ್, ಇದು ಯಾವ ಪ್ರಾಣಿ ಅಂತ ಹೇಳ್ಬಿಡಿ, ಮಾಡ್ಬಿಡ್ತೀನಿ” ಎಂದರು. “ಪ್ರಾಣಿ ಅಲ್ಲ ಕಣ್ರೀ, ಪೋಸ್ಟು” ಎಂದರಂತೆ ಸಾಹೇಬರು. ಹಾಗಾಗಿ ಕುದುರೆಯ ಮೂತಿಗೆ ಸೊಂಡಿಲು ಕೂಡಿಸಿ, ಕಿವಿಯನ್ನು ಯಾವ ಅಳತೆಗೆ ಇಡಬೇಕೆಂದು ತೋಚದೆ ಒಂದನ್ನು ಚಿಕ್ಕದು ಒಂದನ್ನು ದೊಡ್ಡದು ಮಾಡಿ ತಮಗೆ ಈ ರೂಪ ಕೊಟ್ಟರು. ಸೊಂಡಿಲಿನ ದೆಸೆಯಿಂದ ಆಯುಧಪೂಜೆಯ ದಿನ ಲೇತು, ಡ್ರಿಲ್ಲು, ಗ್ರೈಂಡರುಗಳ ಜೊತೆ ತಮಗೂ ಕುಂಕುಮವಿಟ್ಟು, ಒಂದು ಸೇವಂತಿಗೆ ಏರಿಸಿ, ಎರಡು ಬಾಳೆಹಣ್ಣು ನೈವೇದ್ಯ ಮಾಡಿದ್ದನ್ನು ತಾವು ಮರೆತಿರಲಾರಿರಿ.

ಹುದ್ದೆ ಎಂದಮೇಲೆ ತಮ್ಮ ವಿಷಯದಲ್ಲಿ ನಮಗೇನೂ ಆಶ್ಚರ್ಯವಾಗಬಾರದಿತ್ತು. ಈ ಕಾರ್ಖಾನೆಯಲ್ಲಿ ಒಂದು ಕುರ್ಚಿ ಖಾಲಿಯಾದರೆ ಅದಕ್ಕೆ ಹೊಸಬರನ್ನು ತರುವುದಿಲ್ಲ. ಪಕ್ಕದ ಕುರ್ಚಿಯವರಿಗೆ ಹೆಚ್ಚುವರಿ ಪ್ರಭಾರ ವಹಿಸುತ್ತಾರೆ. ಕ್ಯಾಂಟೀನು ನೋಡಿಕೊಳ್ಳುತ್ತಿದ್ದವರಿಗೇ ಬಸ್ಸುಗಳ ಚಾರ್ಜು ಕೊಟ್ಟಂದಿನಿಂದ ಬೆಳಗಿನ ಬಸ್ಸು ಬರುವ ಹೊತ್ತಿಗೆ ಇಡ್ಲಿ ಆಗಿರುವುದಿಲ್ಲ, ಇಡ್ಲಿ ಆಗುವ ಹೊತ್ತಿಗೆ ಬಸ್ಸು ಹೊರಟಿರುತ್ತದೆ. ಅವರನ್ನು ಕ್ಯಾಂಟೀನಿನಲ್ಲಿ ಹುಡುಕಿದರೆ ಗ್ಯಾರೇಜಿನಲ್ಲಿದ್ದಾರೆನ್ನುತ್ತಾರೆ, ಗ್ಯಾರೇಜಿಗೆ ಹೋದರೆ ಈಗ ತಾನೇ ಕ್ಯಾಂಟೀನಿಗೆ ಹೋದರೆನ್ನುತ್ತಾರೆ. ತಾವೂ ಅದೇ ಪರಂಪರೆಯವರು. ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಲ್ಲವರು, ಯಾವ ಮನೆಯಲ್ಲೂ ಕೆಲಸಕ್ಕೆ ಸಿಗದವರು.

ತಾವು ಬರುವುದಕ್ಕೆ ಮುಂಚೆ ನಮ್ಮ ಕಾಲೊನಿ ಹೇಗಿತ್ತೆಂದು ಕೇಳಿಸಿಕೊಳ್ಳುವ ಕೃಪೆ ಮಾಡಬೇಕು. ನಮ್ಮಪ್ಪನೂ ವೆಂಕಟಸುಬ್ಬಯ್ಯನವರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕದ ಮನೆಯವರು. ವಿಭಾಗಗಳ ನಡುವಿನ ಚೆಸ್ ಪಂದ್ಯಾವಳಿಯ ಫೈನಲ್ಲಿಗೆ ಪ್ರತಿ ವರ್ಷವೂ ಇವರಿಬ್ಬರೇ ಬರುತ್ತಿದ್ದರು. ಊಟದ ವಿರಾಮದಲ್ಲಿ ಕೂತು, ಆನೆಗೆ ಆನೆ, ಒಂಟೆಗೆ ಒಂಟೆ ಸರಿದೂಗಿಸಿ ಹೊಡೆದುಕೊಂಡು, ಕೊನೆಗೆ ಎರಡು ಬಡ ರಾಜರು ಉಳಿದಾಗ ಒಬ್ಬರನ್ನೊಬ್ಬರು ನೋಡಿ ನಕ್ಕು, ಡ್ರಾ ಮಾಡಿಕೊಂಡು, ಮಜ್ಜಿಗೆ ಕುಡಿದು ಎದ್ದುಬಿಡುತ್ತಿದ್ದರು. ಶೀಲ್ಡು ಆರು ತಿಂಗಳು ನಮ್ಮ ಮನೆಯ ಶೋಕೇಸಿನಲ್ಲಿ, ಆರು ತಿಂಗಳು ಅವರ ಮನೆಯ ರೇಡಿಯೋ ಮೇಲೆ. ಅದನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸ ಚಿಕ್ಕಂದಿನಿಂದ ನನಗೂ ಉಪೇಂದ್ರನಿಗೂ ಸೇರಿದ್ದು. ಆ ಕಡೆಯ ಹಿಡಿಯನ್ನು ಅವನು, ಈ ಕಡೆಯ ಹಿಡಿಯನ್ನು ನಾನು ಹಿಡಿದು ವರ್ಷಕ್ಕೆರಡು ಸಲ ನಡೆದು ನಡೆದು ನಮ್ಮ ವಿಷಯ ಇಲ್ಲಿಗೆ ಬಂದು ನಿಂತಿದೆ. ಎರಡು ಮನೆಯವರಿಗೂ ಅದು ಗೊತ್ತು, ಎರಡು ಮನೆಯವರಿಗೂ ಒಪ್ಪಿಗೆ.

ಕಲ್ಯಾಣಾಧಿಕಾರಿಗಳಿಗೆ ಈ ಡ್ರಾ ಸಹಿಸಲಿಲ್ಲ. ಇದು ಆಟವಲ್ಲ, ಒಪ್ಪಂದ ಎಂದರು. ಮಾತು ಸುಳ್ಳಲ್ಲವಾದ್ದರಿಂದ ಯಾರೂ ಎದುರಾಡಲಿಲ್ಲ. ಯುಗಾದಿ ಕಳೆದ ವಾರ ನೂರು ಮನೆಯ ಮಣೆಯನ್ನು ಉದ್ಘಾಟಿಸಿ, ಜೊತೆಗೆ ಒಂದು ಸುತ್ತೋಲೆ ಹೊರಡಿಸಿದರು. ಅದನ್ನು ಟೈಪು ಮಾಡಿದವಳು ನಾನೇ ಆದ್ದರಿಂದ ಬಾಯಿಪಾಠವಿದೆ. ಇನ್ನುಮುಂದೆ ಡ್ರಾ ಎಂಬುದಿರುವುದಿಲ್ಲ, ಒಬ್ಬರು ಗೆಲ್ಲಲೇಬೇಕು. ಮಧ್ಯದಲ್ಲಿ ಸೋಲೊಪ್ಪಿ ಎದ್ದುಹೋದರೆ ಅವರ ಇಡೀ ವಿಭಾಗಕ್ಕೆ ಕೇರಂ, ವಾಲಿಬಾಲು ಸಹಿತ ಎಲ್ಲ ಪಂದ್ಯಗಳೂ ಬಂದ್. ಒಳಒಪ್ಪಂದ ತಡೆಯುವ ಸಲುವಾಗಿ ಪಂದ್ಯ ಮುಗಿಯುವ ತನಕ ಆಟಗಾರರು ಕಾರ್ಖಾನೆಯ ಒಳಗಾಗಲಿ ಹೊರಗಾಗಲಿ ಪರಸ್ಪರ ಮಾತನಾಡತಕ್ಕದ್ದಲ್ಲ. ಆಟಗಾರರು ರಜೆಯಲ್ಲಿದ್ದರೆ ಆಟ ನಿಲ್ಲತಕ್ಕದ್ದಲ್ಲ. ಅದೇ ವಿಭಾಗದ ಇನ್ನೊಬ್ಬ ನೌಕರರಿಗೆ ಆ ದಿನದ ಮಟ್ಟಿಗೆ ಆಟದ ಪ್ರಭಾರ ವಹಿಸತಕ್ಕದ್ದು. ಈ ಕೊನೆಯದನ್ನು ದಯವಿಟ್ಟು ನೆನಪಿಟ್ಟುಕೊಂಡಿರಿ, ಮುಂದೆ ತಮಗೇ ಬೇಕಾಗುತ್ತದೆ.

ಬೇರೆ ಯಾವುದೇ ಊರಿನಲ್ಲಿ, ಬೇರೆ ಯಾವುದೇ ಇಬ್ಬರು ಇಂಥ ಸುತ್ತೋಲೆ ಓದಿ ನಕ್ಕು, ಸಂಜೆ ಕಾಂಪೌಂಡಿನ ಬಳಿ ನಿಂತು ಹರಟೆ ಹೊಡೆದುಕೊಂಡಿರುತ್ತಿದ್ದರು. ಆದರೆ ಇವರಿಬ್ಬರೂ ಕೆಲಸಕ್ಕೆ ಸೇರಿದಂದಿನಿಂದ ಸೈರನ್ನಿಗೆ ಮುಂಚೆ ಗೇಟು ದಾಟಿದವರಲ್ಲ, ನೋಟೀಸು ಬೋರ್ಡಿನಲ್ಲಿ ಬಂದದ್ದನ್ನು ಮೀರಿದವರಲ್ಲ. ಅಂದಿನಿಂದ ಇಬ್ಬರೂ ಮೂಕರು. ಬೆಳಿಗ್ಗೆ ಒಂದೇ ಗೋಡೆಯ ಆಚೆ ಈಚೆ ನಿಂತು ಒಬ್ಬರು ತುಳಸಿಗೆ, ಒಬ್ಬರು ಕರಿಬೇವಿಗೆ ನೀರು ಹಾಕುತ್ತಾರೆ, ಮಾತಿಲ್ಲ. ನಮ್ಮ ಮನೆಗೆ ಅವರ ಕಾಗದ ಬಂದರೆ ಅಪ್ಪ ಅದನ್ನು ಕಾಂಪೌಂಡಿನ ಮೇಲಿಟ್ಟು, ಮೇಲೊಂದು ಕಲ್ಲಿಟ್ಟು, ಕೆಮ್ಮಿ ಒಳಗೆ ಬರುತ್ತಾರೆ. ಅವರೂ ಕೆಮ್ಮಿ ತೆಗೆದುಕೊಳ್ಳುತ್ತಾರೆ. ಕೆಮ್ಮಿನ ಬಗ್ಗೆ ಸುತ್ತೋಲೆಯಲ್ಲಿ ಏನೂ ಇಲ್ಲ.

ಮದುವೆಯ ವಿಷಯದಲ್ಲಿ ಅಮ್ಮಂದಿರು ತಮ್ಮ ಪಾಲಿನ ಕೆಲಸವನ್ನು ಶ್ರಾವಣದಲ್ಲೇ ಮುಗಿಸಿದ್ದಾರೆ. ಸೊಸೈಟಿಯ ಸೀಮೆಎಣ್ಣೆ ಕ್ಯೂನಲ್ಲಿ ನಿಂತು ಛತ್ರ, ಅಡಿಗೆಯವರು, ಸೀರೆಯ ಬಣ್ಣ ಎಲ್ಲವನ್ನೂ ತೀರ್ಮಾನಿಸಿಕೊಂಡರು. ಉಳಿದಿರುವುದು ತಾಂಬೂಲ. ಅದನ್ನು ಹೆಣ್ಣಿನ ತಂದೆ ಗಂಡಿನ ತಂದೆಯ ಕೈಗೆ ಕೊಟ್ಟು, ನಮ್ಮ ಹುಡುಗಿಯನ್ನು ನಿಮ್ಮ ಮನೆಗೆ ಕೊಟ್ಟೆವು ಎಂದು ಬಾಯಿಬಿಟ್ಟು ಹೇಳಬೇಕು. ಅವರು ತೆಗೆದುಕೊಂಡೆವು ಎನ್ನಬೇಕು. ಕೆಮ್ಮಿದರೆ ಆಗುವುದಿಲ್ಲ, ಪುರೋಹಿತರನ್ನು ಕೇಳಿಯಾಯಿತು. ಇನ್ನೇನು ಧನುರ್ಮಾಸ ಹುಟ್ಟುತ್ತದೆ, ಹುಟ್ಟಿದರೆ ಸಂಕ್ರಾಂತಿಯವರೆಗೆ ತಾಂಬೂಲದ ಮಾತೆತ್ತುವಂತಿಲ್ಲ, ಅಷ್ಟರಲ್ಲಿ ಮಾಘದ ಲಗ್ನಗಳಿಗೆ ಛತ್ರ ಸಿಗುವುದಿಲ್ಲ. ನಮ್ಮಮ್ಮ ಸೀತಾ ಎಂಬುವವರು ಸಾಮಾನ್ಯವಾಗಿ ಸಿಟ್ಟಾಗುವವರಲ್ಲ. ಸಿಟ್ಟಾದರೆ ತರಕಾರಿ ಜೋರಾಗಿ ಹೆಚ್ಚುತ್ತಾರೆ. ಹೋದ ಭಾನುವಾರ ಹುರುಳಿಕಾಯಿ ಹೆಚ್ಚುತ್ತಾ, “ಹುಣ್ಣಿಮೆ ಹೋಯ್ತು, ಅಮಾವಾಸ್ಯೆ ಹತ್ರ ಬಂತು, ನಿಮ್ಮಪ್ಪಂಗೆ ಬಾಯಿ ಬರ್ಲಿಲ್ಲ. ಧನುರ್ಮಾಸಕ್ ಮುಂಚೆ ತಾಂಬೂಲ ಆಗ್ಲಿಲ್ಲ ಅಂದ್ರೆ ನಾನು ಅತ್ತಿಬೆಲೆ ಹುಡುಗನ ಜಾತಕ ತೆಗೀತೀನಿ ನೋಡು” ಎಂದರು. ಅತ್ತಿಬೆಲೆಯ ಹುಡುಗ ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು. ಅವನಿಗೆ ಚೆಸ್ ಬರುವುದಿಲ್ಲ ಎಂಬುದೇ ಅವನ ಪರವಾಗಿ ಅಮ್ಮ ಹೇಳುವ ಮೊದಲ ಮಾತೂ ಕೊನೆಯ ಮಾತೂ.

ಅವನು ಒಳ್ಳೆಯವನೇ ಇರಬಹುದು. ಆದರೆ ನನಗೆ ಉಪೇಂದ್ರನೇ ಬೇಕು. ಇದನ್ನು ಕಾರ್ಖಾನೆಯ ನೋಟೀಸು ಬೋರ್ಡಿನಲ್ಲಿ ಬರೆಯುವುದಕ್ಕೆ ನನಗೆ ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ, ಏಕೆಂದರೆ ಎರಡು ಮನೆಯಲ್ಲಿ ಬಾಯಿಬಿಟ್ಟು ಮಾತನಾಡುವವರು ಯಾರಾದರೂ ಒಬ್ಬರು ಇರಬೇಕು. ಉಪೇಂದ್ರನನ್ನು ನಂಬಿ ಕೂರುವ ಹಾಗಿಲ್ಲ. ಜಾಲಹಳ್ಳಿ ಕ್ರಾಸಿನ ಬಸ್ ಸ್ಟಾಪಿನಲ್ಲಿ ಸಿಕ್ಕಾಗ ವಿಷಯ ಎತ್ತಿದರೆ, “ಇರ್ಲಿ ಬಿಡು ಭಾನು, ಅಪ್ಪ ಏನೋ ಡೀಪಾಗಿ ಪ್ಲಾನ್ ಮಾಡ್ತಿದ್ದಾರೆ ಅನ್ಸತ್ತೆ” ಎನ್ನುತ್ತಾನೆ. ಅವನ ಆ ಸಮಾಧಾನ ನೋಡಿಯೇ ನಾನು ಅವನನ್ನು ಮೆಚ್ಚಿದ್ದು, ಈಗ ಅದೇ ಸಮಾಧಾನಕ್ಕೆ ಛತ್ರಿಯಲ್ಲಿ ಒಂದು ಬಾರಿಸಬೇಕೆನಿಸುತ್ತದೆ.

ಇಂಥ ಪರಿಸ್ಥಿತಿಯಲ್ಲಿ ನಾನು ಮೊದಮೊದಲು ತಮ್ಮಲ್ಲಿ ಮಾಡಿಕೊಳ್ಳಬೇಕೆಂದಿದ್ದ ವಿನಂತಿಗಳು ಸರಳವಾಗಿದ್ದವು. ತಾವು ದಯಮಾಡಿ ಒಂದು ಸಣ್ಣ ಪ್ರವಾಸ ಹೋಗಬೇಕು. ಎರಡು ವಿಭಾಗಗಳ ಕೆಲಸ ಹೊತ್ತವರಿಗೆ ಎರಡು ಪ್ರವಾಸ ಭತ್ಯೆಯೂ ಸಿಗಬಹುದು. ಇಲ್ಲವೇ ತಮ್ಮೊಳಗಿನ ಆನೆಯವರೂ ಕುದುರೆಯವರೂ ಹಿರಿತನದ ವಿಷಯಕ್ಕೆ ಜಗಳವಾಡಿಕೊಂಡು ಬೇರೆ ಬೇರೆಯಾಗಬೇಕು. ಇಲ್ಲವೇ ತಮ್ಮ ದೊಡ್ಡ ಕಿವಿಗೆ ಗೆದ್ದಲು ಹಿಡಿದು ವೈದ್ಯಕೀಯ ಕಾರಣಗಳ ಮೇಲೆ ಸ್ವಯಂ ನಿವೃತ್ತಿ ಪಡೆಯಬೇಕು. ಬೀಳ್ಕೊಡುಗೆಗೆ ನಾನೇ ಸ್ವಂತ ಖರ್ಚಿನಲ್ಲಿ ಶಾಲು ತರುತ್ತೇನೆ. ನೂರು ಮನೆಯ ಮಣೆ ದೊಡ್ಡದು, ತಮ್ಮ ಕಾಲು ಉದ್ದ, ಆದ್ದರಿಂದಲೇ ಆಟ ಮುಗಿಯುತ್ತಿಲ್ಲವೆಂಬುದು ಅಲ್ಲಿಯವರೆಗೆ ನನ್ನ ತಿಳಿವಳಿಕೆಯಾಗಿತ್ತು. ತಮ್ಮ ಮೇಲೆ ಹಾಗೆ ತಪ್ಪು ಹೊರಿಸಿದ್ದಕ್ಕೆ ಈ ಮೂಲಕ ಅರ್ಧ ಕ್ಷಮೆ ಕೇಳುತ್ತೇನೆ. ಉಳಿದರ್ಧ ಪತ್ರ ಪೂರ್ತಿಯಾದ ಮೇಲೆ ಯೋಚಿಸೋಣ.

ಕಳೆದ ವಾರ ಅಪ್ಪ ಕ್ಲಬ್ಬಿನಲ್ಲಿ ಮರೆತುಬಂದ ಟಿಫನ್ ಕ್ಯಾರಿಯರ್ ತರಲು ಹೋಗಿದ್ದೆ. ಕ್ಲಬ್ಬಿನ ಕಾವಲುಗಾರ ನಂಜಪ್ಪನವರು ಬಾಗಿಲು ತೆಗೆದರು. ಈ ಊರಿನ ಮೂಲದವರಾದ ನಂಜಪ್ಪನವರು ಕ್ಲಬ್ಬು ಇರುವ ಜಾಗದಲ್ಲಿ ಒಂದು ಕಾಲಕ್ಕೆ ಹುರುಳಿ ಬಿತ್ತುತ್ತಿದ್ದವರು. ಚೆಸ್ಸು ಅವರಿಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ. ನನಗೆ ಬರುತ್ತದೆ. ನಮ್ಮಪ್ಪನೂ ಉಪೇಂದ್ರನ ಅಪ್ಪನೂ ಸೇರಿ ನನಗೆ ಕಲಿಸಿದ್ದರು, ಒಬ್ಬರು ನನ್ನ ಕಡೆ ಕೂತು, ಒಬ್ಬರು ಎದುರು ಕೂತು. ಎಷ್ಟೋ ತಿಂಗಳ ಮೇಲೆ ಗಾಜಿನ ಮೇಲೆ ಬಾಗಿ ನೋಡಿದೆ. ನೋಡಿ, ಮಾನ್ಯರೇ, ನನ್ನ ಕಣ್ಣನ್ನು ನಾನೇ ನಂಬಲಿಲ್ಲ.

ತಾವು ನಟ್ಟನಡುವೆ, ನಮ್ಮಪ್ಪನ ಒಂದು ಬಡ ಕಾಲಾಳಿನ ಓರೆಗೆ, ಬೆನ್ನಿಗೆ ಒಬ್ಬರ ಕಾವಲೂ ಇಲ್ಲದೆ ನಿಂತಿದ್ದಿರಿ. ಒಂದು ಕೈ ಎತ್ತಿ ತಮ್ಮನ್ನು ಹೊಡೆದುಹಾಕಬಹುದಿತ್ತು. ಹೊಡೆದಿರಲಿಲ್ಲ. ಇನ್ನೊಂದು ಕಡೆ ನಮ್ಮಪ್ಪನ ಬಿಳಿ ಆನೆಗುದುರೆಯೂ ವೆಂಕಟಸುಬ್ಬಯ್ಯನವರ ಒಂಟೆಯ ಬಾಯಿಗೇ ತುತ್ತಿಟ್ಟ ಹಾಗೆ ನಿಂತಿತ್ತು. ಅದನ್ನೂ ಯಾರೂ ಹೊಡೆದಿರಲಿಲ್ಲ. ಯಾವಾಗಿನಿಂದ ಹೀಗೆ ಎಂದು ನಂಜಪ್ಪನವರನ್ನು ಕೇಳಿದೆ. “ಆಯುಧಪೂಜೆಗೂ ಮೊದ್ಲಿಂದ್ಲೂ ಅಲ್ಲೇ ನಿಂತವೆ ಕಣವ್ವ. ದಿನಾ ಬತ್ತಾರೆ, ಇಬ್ರೂ ಊಟದ್ ಒತ್ತು ಪೂರಾ ಯೋಚ್ನೆ ಮಾಡ್ತಾರೆ, ರಾಜನ್ ಇಂಗೊಂದಪ ಅಂಗೊಂದಪ ಎತ್ತಿಟ್ಟು ಒಂಟೋಯ್ತಾರೆ. ಉಳ ಗಿಳ ಇಡೀತದೇನೋ ಅಂತ ನಾನೂ ನೋಡ್ತಾನೇ ಇವ್ನಿ” ಎಂದರು.

ಆಗ ನನಗೆ ಹೊಳೆಯಿತು. ಆಟ ಉದ್ದವಾದದ್ದರಿಂದ ಮುಗಿಯದೆ ಇರುವುದಲ್ಲ. ಇಬ್ಬರೂ ಸೋಲಲು ಹೆಣಗುತ್ತಿದ್ದಾರೆ. ಬೀಗರೂಟದ ಪಂಕ್ತಿಯಲ್ಲಿ ನೀವು ಹಾಕಿಸಿಕೊಳ್ಳಿ, ನೀವು ಹಾಕಿಸಿಕೊಳ್ಳಿ ಎಂದು ಹೋಳಿಗೆಯನ್ನು ಒಬ್ಬರ ಎಲೆಯಿಂದ ಒಬ್ಬರ ಎಲೆಗೆ ತಳ್ಳುವಂತೆ ಇವರಿಬ್ಬರೂ ತಮ್ಮ ತಮ್ಮ ಆನೆಗುದುರೆಗಳನ್ನು ಎದುರಿನವರ ಬಾಯಿಗಿಟ್ಟು ಕಾಯುತ್ತಿದ್ದಾರೆ. ಡ್ರಾ ಮಾಡಿಕೊಳ್ಳುವ ಹಾಗಿಲ್ಲ, ಎದ್ದು ಹೋಗುವ ಹಾಗಿಲ್ಲ, ನೀವು ಗೆಲ್ಲಿ ಎಂದು ಬಾಯಲ್ಲಿ ಹೇಳುವ ಹಾಗಿಲ್ಲ. ಉಳಿದದ್ದು ಇದೊಂದೇ ದಾರಿ.

ಮನೆಗೆ ಬಂದು ಅಮ್ಮನನ್ನು ಹಿಡಿದುಕೊಂಡೆ. ಅಪ್ಪ ಅಮ್ಮನ ಬಳಿ ಹೇಳಿದ್ದರಂತೆ: “ಹೆಣ್ ಕೊಡೋನು ಬೀಗರನ್ನ ಸೋಲ್ಸಿ, ಆಮೇಲೆ ಅದೇ ಕೈಲಿ ತಾಂಬೂಲ ಕೊಡಕ್ಕಾಗತ್ತೇನೇ? ನಾಳೆ ಅವರ ಮನೇಲಿ ಬಾಳೋಳು ನಮ್ಮ ಹುಡುಗಿ ಅಲ್ವಾ.” ಅದೇ ಸಂಜೆ ಉಪೇಂದ್ರನಿಗೆ, ಅವರ ಮನೆಯಲ್ಲಿ ಏನು ನಡೆದಿದೆ ಕೇಳಿಕೊಂಡು ಬಾ ಎಂದು ಗದರಿ ಕಳಿಸಿದೆ. ವೆಂಕಟಸುಬ್ಬಯ್ಯನವರು ಹೆಂಡತಿಯ ಮುಂದೆ ಹೇಳಿದ್ದು ಹೀಗಂತೆ: “ಮಗಳನ್ನ ಕೊಡ್ತಿರೋ ಮನುಷ್ಯನ್ನ ಸೋಲ್ಸಿ, ಶೀಲ್ಡ್ ಎತ್ಕೊಂಡು, ಅವನ ಮನೆಗೇ ಹೋಗಿ ಊಟಕ್ ಕೂರ್ಲಾ? ಗಂಡಿನ ಕಡೆಯೋರು ಅಂತ ಕೊಬ್ಬು ಅನ್ನಲ್ವಾ ಜನ?”

ಆ ರಾತ್ರಿ ನನಗೆ ಅಳು ಬಂತು. ಅಪ್ಪ ಚೆಸ್ಸಿನಲ್ಲಿ ನನಗೆ ಸುಮ್ಮಸುಮ್ಮನೆ ಒಂದು ಕಾಯನ್ನೂ ಬಿಟ್ಟುಕೊಟ್ಟವರಲ್ಲ. ಚಿಕ್ಕವಳೆಂದು ಕೂಡ ಬಿಡಲಿಲ್ಲ. ಅಂಥವರು ನನಗೋಸ್ಕರ ದಿನವೂ ಮಧ್ಯಾಹ್ನ ಮೊಸರನ್ನ ಅರ್ಧಕ್ಕೆ ಬಿಟ್ಟು ಹೋಗಿ, ಹೇಗೆ ಸೋಲಲಿ ಎಂದು ತಲೆ ಕೆರೆದುಕೊಳ್ಳುತ್ತಿದ್ದಾರೆ. ಅಳು ಮುಗಿದ ಮೇಲೆ ಸಿಟ್ಟು ಬಂತು. ಇಬ್ಬರು ಒಳ್ಳೆಯವರು ಸೇರಿ ನನ್ನ ಮದುವೆಯನ್ನು ಕೆಡಿಸುತ್ತಿರುವ ರೀತಿ ನೋಡಿದರೆ, ಇಬ್ಬರಲ್ಲಿ ಒಬ್ಬರಾದರೂ ಸ್ವಲ್ಪ ಕೆಟ್ಟವರಾಗಿದ್ದರೆ ನನಗೆ ಇಷ್ಟು ಹೊತ್ತಿಗೆ ಮಾಂಗಲ್ಯವೇ ಆಗಿರುತ್ತಿತ್ತು.

ಆಗ ತಮ್ಮ ನೆನಪಾಯಿತು, ಮಾನ್ಯರೇ. ಎರಡು ಕೆಲಸವನ್ನು ಒಬ್ಬರೇ ಮಾಡಬಹುದೆಂದು ಈ ಕಾರ್ಖಾನೆಗೆ ಮರದಲ್ಲಿ ಕೆತ್ತಿ ತೋರಿಸಿದವರು ತಾವೇ ತಾನೇ. ನಾಳೆ ನಮ್ಮಜ್ಜಿಯ ತಿಥಿ. ಪಂದ್ಯ ಶುರುವಾದಂದಿನಿಂದ ಅಪ್ಪ ಒಂದು ದಿನವೂ ರಜೆ ಹಾಕಿಲ್ಲ. ಹಾಕಿದರೆ ಪಕ್ಕದ ಮೇಜಿನ ಶ್ಯಾಮಣ್ಣನವರು ಪ್ರಭಾರಕ್ಕೆ ಬಂದು, ಬೀಗರು ಗೀಗರು ಎಂದು ನೋಡದೆ ಕಂಡದ್ದನ್ನೆಲ್ಲ ಹೊಡೆದು ಗೆದ್ದುಬಿಡುತ್ತಾರೆಂಬ ಭಯ. ಆದರೆ ತಿಥಿಗೆ ಮಗನಿಲ್ಲದೆ ಆಗುವುದಿಲ್ಲ. ಅಪ್ಪ ಮನಸ್ಸಿಲ್ಲದ ಮನಸ್ಸಿನಿಂದ ರಜೆ ಬರೆದುಕೊಟ್ಟು, “ಶ್ಯಾಮಣ್ಣನಿಗೆ ಹೇಳಮ್ಮ, ರಾಜನ್ನ ಒಂದ್ಮನೆ ಸರಿಸಿ ಎದ್ಬಿಡು ಅಂತ” ಎಂದರು. ಶ್ಯಾಮಣ್ಣನವರಿಗೆ ನಾಳೆ ಅರ್ಧ ದಿನ ವರ್ತೂರಿನ ನೆಂಟರ ಮನೆಯ ಗೃಹಪ್ರವೇಶವಿದೆ. ನೆನಪು ಮಾಡಿಕೊಟ್ಟವಳು ನಾನು. ಟೈಮ್ ಆಫೀಸಿನಲ್ಲಿ ಆಮೇಲೆ ಉಳಿಯುವ ನೌಕರರಲ್ಲಿ ಚೆಸ್ ಬರುವವಳು ಒಬ್ಬಳೇ. ಪ್ರಭಾರದ ಆದೇಶವನ್ನು ನಾನೇ ಟೈಪು ಮಾಡಿ ಸಹಿಗೆ ಕಳಿಸಿದ್ದೆ, ಬಂದಿದೆ. ಅಮ್ಮನಿಗೆ ಹೇಳಿದೆ. “ನೀನು ಹೋಗೇ, ವಡೆ ನಾನ್ ನೋಡ್ಕೋತೀನಿ” ಎಂದರು. ತುಂಬ ದಿನಗಳ ಮೇಲೆ ತರಕಾರಿ ಮೆತ್ತಗೆ ಹೆಚ್ಚಿದರು.

ಆದ್ದರಿಂದ ತಮಗೆ ಮುಂಚಿತವಾಗಿ ತಿಳಿಸುವುದೇನೆಂದರೆ, ನಾಳೆ ಊಟದ ಸೈರನ್ ಆದ ಕೂಡಲೇ ನಾನು ಬಂದು ತಮ್ಮೆದುರು ಕೂರುತ್ತೇನೆ. ಮೊದಲ ನಡೆಯಲ್ಲಿ, ನಮ್ಮಪ್ಪ ಇಷ್ಟು ಕಾಲ ಮುಟ್ಟದೆ ಬಿಟ್ಟ ಆ ಕಾಲಾಳಿನಿಂದ ತಮ್ಮನ್ನು ಹೊಡೆಯುತ್ತೇನೆ. ದೊಡ್ಡ ಹುದ್ದೆಯವರನ್ನು ಕಾಲಾಳಿನ ಕೈಯಲ್ಲಿ ತೆಗೆಸುವುದಕ್ಕೆ ಬೇಸರಿಸಬಾರದು. ಓರೆಗೆ ಇದ್ದವನು ಅವನೊಬ್ಬನೇ. ತಾವು ಸರಿದರೆ ಕಪ್ಪು ರಾಜರಿಗೆ ಮರೆಯೆಂಬುದಿರುವುದಿಲ್ಲ. ಬಿಳಿಯ ಆನೆಗುದುರೆಯವರು ಒಂದು ಸಲ ಕುದುರೆಯಾಗಿ ಹಾರಿ ಚೆಕ್ ಕೊಡುತ್ತಾರೆ, ರಾಜರು ಮೂಲೆಗೆ ಹೋಗುತ್ತಾರೆ, ಅದೇ ಮಹನೀಯರು ಮುಂದಿನ ಸಲ ಆನೆಯಾಗಿ ನೇರ ಬಂದು ನಿಂತರೆ ಮುಗಿಯಿತು. ನಿಜ ಹೇಳಬೇಕೆಂದರೆ ನಡುವೆ ವೆಂಕಟಸುಬ್ಬಯ್ಯನವರು ತಮ್ಮ ಒಂಟೆಯಿಂದ ನಮ್ಮ ಆನೆಗುದುರೆಯನ್ನು ಹೊಡೆದುಬಿಟ್ಟರೆ ನನ್ನ ಲೆಕ್ಕಾಚಾರವೆಲ್ಲ ತಲೆಕೆಳಗು. ಅವರು ಹೊಡೆಯುವುದಿಲ್ಲ. ಅವರ ಸೌಜನ್ಯದ ಮೇಲೆ ನನಗೆ ಪೂರ್ಣ ನಂಬಿಕೆಯಿದೆ. ಇಷ್ಟು ತಿಂಗಳು ನನ್ನನ್ನು ಗೋಳುಹೊಯ್ದುಕೊಂಡದ್ದು ಅದೇ ಸೌಜನ್ಯ ತಾನೇ, ಒಂದು ದಿನವಾದರೂ ಉಪಕಾರಕ್ಕೆ ಬರಲಿ.

ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಸೋಲಿಸಿದಂತಾಗಲಿಲ್ಲವೇ ಎಂದು ತಾವು ಕೇಳಬಹುದು. ಆಗಲಿಲ್ಲ. ನಮ್ಮಪ್ಪ ಆ ಹೊತ್ತಿನಲ್ಲಿ ಮನೆಯಲ್ಲಿ ಪಿಂಡವಿಡುತ್ತಿರುತ್ತಾರೆ. ಗೆದ್ದವರೂ ಅಲ್ಲ, ಸೋತವರೂ ಅಲ್ಲ, ರಜೆಯಲ್ಲಿರುವವರು. ವೆಂಕಟಸುಬ್ಬಯ್ಯನವರು ಸೋಲುವುದು ಬೀಗರ ಕೈಯಲ್ಲಲ್ಲ, ಸೊಸೆಯ ಕೈಯಲ್ಲಿ; ಅದು ಯಾವ ಮನೆಯಲ್ಲೂ ಅವಮಾನವೆನಿಸಿಕೊಂಡಿಲ್ಲ, ಅಭ್ಯಾಸವೆನಿಸಿಕೊಂಡಿದೆ. ಇನ್ನು ಶೀಲ್ಡು. ಅದು ಗೆದ್ದವಳ ಮನೆಗೆ ಹೋಗಬೇಕು. ಗೆದ್ದವಳು ಮಾಘದವರೆಗೆ ನಮ್ಮಪ್ಪನ ಮನೆಯಲ್ಲಿರುತ್ತಾಳೆ, ಮಾಘ ಕಳೆದ ಮೇಲೆ ಪಕ್ಕದ ಮನೆಯಲ್ಲಿರುತ್ತಾಳೆ. ಈ ಸಲ ಅದರ ಇನ್ನೊಂದು ಹಿಡಿ ಹಿಡಿಯುವವನು ಹಿಡಿದದ್ದನ್ನು ಬಿಡದೆ ಹಾಗೆಯೇ ಒಳಗೆ ಬರಬಹುದು.

ತಮ್ಮ ಮೇಲೆ ನನಗೆ ವೈಯಕ್ತಿಕ ದ್ವೇಷವೇನೂ ಇಲ್ಲವೆಂದು ಕೊನೆಯಲ್ಲಿ ಸ್ಪಷ್ಟಪಡಿಸುತ್ತೇನೆ. ಕೆಲಸವಿಲ್ಲದ ಕಡೆ ಕೂರಿಸಿ ಕುಂಕುಮವಿಟ್ಟರೆ ಯಾರಾದರೂ ಹಾಗೆಯೇ ಕೂರುತ್ತಾರೆ. ಹೊಡೆಸಿಕೊಂಡ ಮೇಲೆ ತಾವು ಪೆಟ್ಟಿಗೆಯ ಕತ್ತಲೆಯಲ್ಲಿ ಒಂಟೆಗುದುರೆಯವರ ಜೊತೆ ಮಲಗಬೇಕಾಗಿಲ್ಲ. ಟೈಮ್ ಆಫೀಸಿನಲ್ಲಿ ಫ್ಯಾನು ಹಾಕಿದರೆ ಕಾಗದಗಳು ಹಾರುತ್ತವೆ. ತಮ್ಮಂಥ ತೂಕದವರಿಗೆ ಅಲ್ಲಿ ಒಂದು ಜಾಗ ನೋಡಿಟ್ಟಿದ್ದೇನೆ. ನೇರವೂ ಹೋಗಬೇಕಾಗಿಲ್ಲ, ಹಾರಲೂ ಬೇಕಾಗಿಲ್ಲ. ಈ ಕಾರ್ಖಾನೆಗೆ ಬಂದ ಮೇಲೆ ತಾವು ಮಾಡುವ ಮೊದಲ ಕೆಲಸ ಅದಾಗಿರುತ್ತದೆ.

ತಾಂಬೂಲದ ದಿನ ಟೈಮ್ ಆಫೀಸಿನ ಮೇಜಿನಿಂದ ಎತ್ತಿಕೊಂಡು ತಮ್ಮನ್ನೂ ಕರೆತರಲು ನಂಜಪ್ಪನವರಿಗೆ ಹೇಳಿದ್ದೇನೆ. ಇಬ್ಬರು ತಂದೆಯರು ಎಂಟು ತಿಂಗಳ ಮೇಲೆ ಮೊದಲ ಮಾತಾಡುವುದನ್ನು ತಾವೂ ಕೇಳಬೇಕು. ಎಷ್ಟಾದರೂ ನಡುವೆ ನಿಂತವರು ತಾವು.

ಇಂತು,

ನಾಳೆ ಮಧ್ಯಾಹ್ನದವರೆಗೆ ಮಾತ್ರ ತಮ್ಮ ವಿಶ್ವಾಸಿ,

ಜಿ. ಭಾನುಮತಿ
ಬೆರಳಚ್ಚುಗಾರ್ತಿ, ಟೈಮ್ ಆಫೀಸು
(ಹೆಚ್ಚುವರಿ ಪ್ರಭಾರ: ಬಿಳಿ ಕಾಯಿಗಳು)

ಮರೆತ ಮಾತು: ಮೇಲಧಿಕಾರಿಗಳ ಅನುಮತಿಯಿಲ್ಲದೆ ನೋಟೀಸು ಬೋರ್ಡಿನಲ್ಲಿ ಏನನ್ನೂ ಅಂಟಿಸಬಾರದೆಂಬ ನಿಯಮವಿರುವುದರಿಂದ ಈ ಪತ್ರವನ್ನೂ ಇವತ್ತಿನ ಸಹಿಯ ಕಡತದಲ್ಲಿ, ಗಂಬೂಟಿನ ಬೇಡಿಕೆಗೂ ಸೊಳ್ಳೆ ಔಷಧಿಯ ಬೇಡಿಕೆಗೂ ನಡುವೆ ಇಟ್ಟು ಕಲ್ಯಾಣಾಧಿಕಾರಿಗಳಿಗೆ ಕಳಿಸಿದ್ದೆ. ಗಂಬೂಟಿಗೆ ಹಣವಿಲ್ಲ ಎಂದು ಬರೆದಿದ್ದಾರೆ, ಸೊಳ್ಳೆ ಔಷಧಿಗೆ ಮುಂದಿನ ವರ್ಷ ನೋಡೋಣ ಎಂದಿದ್ದಾರೆ. ಈ ಪತ್ರದ ಮೂಲೆಯಲ್ಲಿ ‘ಪರಿಶೀಲಿಸಲಾಗಿದೆ, ಮಂಜೂರು’ ಎಂದು ಬರೆದು ಸಹಿ ಹಾಕಿದ್ದಾರೆ. ಹೀಗಾಗಿ ತಮ್ಮನ್ನು ಹೊಡೆಯುವುದೂ ನನ್ನ ಮದುವೆಯೂ ಎರಡೂ ಈಗ ಆಡಳಿತ ವರ್ಗದ ಅಧಿಕೃತ ನಿರ್ಧಾರಗಳಾಗಿದ್ದು, ಎರಡನ್ನೂ ಮೀರುವವರಲ್ಲ ನಮ್ಮಪ್ಪನೂ ನಮ್ಮ ಮಾವನವರೂ.